ಹಿಡಿದಿಟ್ಟ ಹಣ ಕೈಸೇರಬೇಕಾದರೆ

ನುಗ್ಗೇಹಳ್ಳಿ ಸುತ್ತಮುತ್ತ ಶಾಲಾ ಕೊಠಡಿ, ಚರಂಡಿ, ಕಾಂಕ್ರೀಟ್ ರಸ್ತೆ ಮಾಡಿಸುವ ಸಣ್ಣ ಗುತ್ತಿಗೆದಾರ ನಾನು. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರು ಮೊದಲ ಬಿಲ್ ಬಂದೊಡನೆ ಕೇಳುವುದು ಒಂದೇ ಮಾತು: "ಅಣ್ಣ, ಇಷ್ಟೊಂದು ಯಾಕೆ ಹಿಡ್ಕೊಂಡ್ರು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಕಡಿತಗಳನ್ನು ಬೇರೆ ಬೇರೆ ಮಾಡಿ ನೋಡಿ. ಆದಾಯ ತೆರಿಗೆಯ ಶೇ 1, ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಜಿಎಸ್‌ಟಿ ಟಿಡಿಎಸ್ ಶೇ 2 ನಿಮ್ಮ ತೆರಿಗೆ ಲೆಕ್ಕಕ್ಕೆ ಜಮಾ ಆಗುತ್ತವೆ. ಕಾರ್ಮಿಕ ಸೆಸ್ ಶೇ 1 ಮತ್ತು ರಾಯಧನ ಮರಳಿ ಬರುವುದಿಲ್ಲ. ಎಫ್‌ಎಸ್‌ಡಿ, ಅಂದರೆ ಬಿಲ್ಲಿನಿಂದ ಹಿಡಿಯುವ ಹೆಚ್ಚುವರಿ ಭದ್ರತಾ ಠೇವಣಿ ಮಾತ್ರ ಇಲಾಖೆಯ ಬಳಿ ಒತ್ತೆಯಿರುವ ನಿಮ್ಮದೇ ದುಡ್ಡು. ಇಪ್ಪತ್ತು ಲಕ್ಷದ ಕಾಮಗಾರಿಗೆ ಶೇ 5 ಹಿಡಿದರೆ ಒಂದು ಲಕ್ಷ. ಸಣ್ಣ ಕೆಲಸದ ಲಾಭದಲ್ಲಿ ದೊಡ್ಡ ಪಾಲು ಅದೇ.

2. ದರ ಬರೆಯುವ ಮೊದಲು ಷರತ್ತು ಓದಿ. ಎಷ್ಟು ಹಿಡಿಯುತ್ತಾರೆ, ಯಾವಾಗ ಬಿಡುತ್ತಾರೆ, ದೋಷ ಹೊಣೆಗಾರಿಕೆ ಅವಧಿ ಎಷ್ಟು ಎಂಬುದು ಟೆಂಡರ್ ದಾಖಲೆಯಲ್ಲೇ ಇರುತ್ತದೆ. ಕಟ್ಟಡಕ್ಕೂ ರಸ್ತೆಗೂ ಅವಧಿ ಬೇರೆ. ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಐದು ವರ್ಷ. ಅಷ್ಟು ದಿನ ಸಿಕ್ಕಿಬಿದ್ದ ಹಣದ ಬಡ್ಡಿಯೂ ನಿಮ್ಮ ಖರ್ಚೇ.

3. ಕೆಲಸ ಮುಗಿದ ದಿನಾಂಕ ಬರಹದಲ್ಲಿರಲಿ. ಹೊಣೆಗಾರಿಕೆ ಅವಧಿಯ ಎಣಿಕೆಗೆ ಆಧಾರ ಮುಕ್ತಾಯ ಪ್ರಮಾಣಪತ್ರ. ಅದನ್ನು ಕೇಳಿ ಪಡೆಯಿರಿ.

4. ಮೊದಲ ಮಳೆಗೆ ನೀವೇ ಹೋಗಿ ನೋಡಿ. ತಾರಸಿ ಸೋರುವುದು, ನೆಲ ಕುಸಿಯುವುದು, ಗಾರೆ ಬಿರಿಯುವುದು ಆಗಲೇ ಗೊತ್ತಾಗುವುದು. ಹಣ ಹಿಡಿದಿಡುವುದೂ ಇದಕ್ಕಾಗಿಯೇ. ನೋಟಿಸ್ ಬಂದ ಮೇಲೂ ಸರಿಪಡಿಸದಿದ್ದರೆ ಇಲಾಖೆ ಬೇರೆಯವರಿಂದ ಮಾಡಿಸಿ ನಿಮ್ಮ ಹಣದಲ್ಲಿ ಮುರಿದುಕೊಳ್ಳುತ್ತದೆ. 1246ರ ನಮ್ಮೂರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಶಿಲ್ಪಿ ಬೈಚೋಜ ತನ್ನ ಹೆಸರನ್ನು ಕಲ್ಲಿನಲ್ಲೇ ಕೆತ್ತಿದ. ಕಟ್ಟಿದವನ ಹೊಣೆ ಬಿಲ್ ಪಾಸಾದೊಡನೆ ಮುಗಿಯುವುದಿಲ್ಲ.

5. ಬ್ಯಾಂಕ್ ಗ್ಯಾರಂಟಿಗೆ ಅವಕಾಶವಿದ್ದರೆ ಲೆಕ್ಕ ಹಾಕಿ. ಹಣ ಬಿಡುಗಡೆಯಾಗುತ್ತದೆ, ಆದರೆ ಬ್ಯಾಂಕಿನ ಕಮಿಷನ್, ಠೇವಣಿ ಎರಡೂ ಉಂಟು. ವಾಯಿದೆ ತೀರುವ ಮುನ್ನ ನವೀಕರಿಸಿ.

6. ಮೇಸ್ತ್ರಿ, ಆಳುಗಳ ಕೂಲಿ ಹಿಡಿಯಬೇಡಿ. ಇಲಾಖೆ ನಮ್ಮದನ್ನು ಹಿಡಿಯಿತೆಂದು ಅವರ ವಾರದ ಬಟವಾಡೆ ತಡೆಯುವುದು ಅನ್ಯಾಯ. ಉಪಗುತ್ತಿಗೆದಾರರಿಂದ ಹಿಡಿದ ಹಣವನ್ನು ಟ್ರಸ್ಟ್ ರೂಪದಲ್ಲಿ ಕಾಪಾಡಬೇಕೆಂದು ನ್ಯೂಜಿಲೆಂಡ್ 2017ರಲ್ಲೇ ಕಾನೂನು ಜಾರಿಗೆ ತಂದಿತು. ಅಂಥ ರಕ್ಷಣೆ ನಮ್ಮಲ್ಲಿ ಇಲ್ಲದಿರುವಾಗ ತುಂಡು ಗುತ್ತಿಗೆಯವನ ಪಾಲು ಕಾಪಾಡಬೇಕಾದವರು ನಾವೇ.

7. ಅವಧಿ ಮುಗಿದ ವಾರವೇ ಅರ್ಜಿ ಕೊಡಿ. ಎಂಜಿನಿಯರು ವರ್ಗವಾಗುತ್ತಾರೆ, ಕಡತ ಅಡಿಗೆ ಬೀಳುತ್ತದೆ. ಕರಾರುಪತ್ರ, ಅಳತೆ ಪುಸ್ತಕದ ಪುಟಸಂಖ್ಯೆ, ಪ್ರತಿ ಬಿಲ್ಲಿನ ಕಡಿತದ ಪಟ್ಟಿ, ಮುಕ್ತಾಯ ಪತ್ರ, ದುರಸ್ತಿಯ ಫೋಟೊ ಜೊತೆಗಿಟ್ಟು, ಸ್ವೀಕೃತಿ ಪಡೆದೇ ಕಚೇರಿಯಿಂದ ಹೊರಬನ್ನಿ.