ಸಾಲ, ಪಾಪ ಮತ್ತು ಕ್ಷಮೆ: ಮತ್ತಾಯನ ಒಂದು ಸಾಮತಿ

ಕ್ರೈಸ್ತ ಚಿಂತನೆಯಲ್ಲಿ ಪಾಪವೆಂಬುದು ನಿಷಿದ್ಧ ಕರ್ಮಗಳ ಪಟ್ಟಿ ಮಾತ್ರವಲ್ಲ. ದೇವರೊಡನೆ ಕಡಿದುಹೋದ ಸಂಬಂಧದ ಹೆಸರೂ ಹೌದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಪಾಪವನ್ನು ಸೂಚಿಸುವ 'ಹಮಾರ್ತಿಯ' ಎಂಬ ಪದದ ಹಿಂದೆ ಗುರಿ ತಪ್ಪುವಿಕೆಯ ಅರ್ಥವಿದೆ. ಇದರೊಡನೆ ಸಾಲವೆಂಬ ಇನ್ನೊಂದು ರೂಪಕವೂ ಉಂಟು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಮತ್ತಾಯನು (ಅಧ್ಯಾಯ 6) 'ಸಾಲ' ಎಂಬರ್ಥದ ಪದವನ್ನು ಬಳಸಿದರೆ, ಲೂಕನು (ಅಧ್ಯಾಯ 11) ಅದೇ ಸ್ಥಾನದಲ್ಲಿ 'ಪಾಪ' ಎಂಬರ್ಥದ ಪದವನ್ನಿಡುತ್ತಾನೆ. ಅರಮಾಯಿಕ್ ಭಾಷೆಯಲ್ಲಿ ಈ ಎರಡು ಅರ್ಥಗಳಿಗೂ ಒಂದೇ ಪದವಿದ್ದುದನ್ನು ಇಲ್ಲಿ ನೆನೆಯಬಹುದು.

ಈ ರೂಪಕ ಕಥೆಯಾಗಿ ಬೆಳೆಯುವುದು ಮತ್ತಾಯನ 18ನೆಯ ಅಧ್ಯಾಯದಲ್ಲಿ. ಸಹೋದರನನ್ನು ಎಷ್ಟು ಬಾರಿ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಗೆ ಯೇಸು ಒಂದು ಸಾಮತಿಯಿಂದ ಉತ್ತರಿಸುತ್ತಾನೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದ ಸೇವಕನೊಬ್ಬ ಕಾಲಾವಕಾಶ ಬೇಡುತ್ತಾನೆ. ಅರಸನು ಕನಿಕರಪಟ್ಟು ಸಾಲವನ್ನೇ ಬಿಟ್ಟುಬಿಡುತ್ತಾನೆ. ಹೊರಬಂದ ಸೇವಕ ತನಗೆ ನೂರು ದೆನಾರಿ ಕೊಡಬೇಕಾದ ಜೊತೆಯಾಳಿನ ಕುತ್ತಿಗೆ ಹಿಡಿದು, ಅವನನ್ನು ಸೆರೆಗೆ ಹಾಕಿಸುತ್ತಾನೆ. ಸುದ್ದಿ ತಿಳಿದ ಅರಸನು ಅವನನ್ನು ಕರೆಸಿ ದಂಡನೆಗೆ ಒಪ್ಪಿಸುತ್ತಾನೆ.

ಇಲ್ಲಿನ ಲೆಕ್ಕ ಗಮನಾರ್ಹ. ದೆನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ತಲಾಂತು ಸುಮಾರು 6,000 ದೆನಾರಿ. ಎಂದರೆ ಮೊದಲನೆಯ ಸಾಲ ಆರು ಕೋಟಿ ದಿನಗಳ ದುಡಿಮೆ, ಎರಡನೆಯದು ನೂರು ದಿನಗಳದು. ಎರಡನೆಯದನ್ನು ತೀರಿಸಬಹುದು, ಮೊದಲನೆಯದನ್ನು ತೀರಿಸುವೆನೆಂಬ ಮಾತೇ ಆತ್ಮವಂಚನೆ. ಮನುಷ್ಯನ ಪಾಪಸ್ಥಿತಿಯ ಬಗೆಗೆ ಕ್ರೈಸ್ತ ನಂಬಿಕೆ ಹೇಳುವುದೂ ಇದನ್ನೇ: ಸತ್ಕರ್ಮಗಳಿಂದ ತೀರದ ಋಣವದು.

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯನ್ನೂ, ದೇವ-ಋಷಿ-ಪಿತೃಗಳ ಋಣತ್ರಯದ ಕಲ್ಪನೆಯನ್ನೂ ಬಲ್ಲ ಕನ್ನಡ ಓದುಗನಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಉಣ್ಣದೆ, ತೀರಿಸದೆ ಕರ್ಮ ಕಳೆಯುವುದೆಂತು? ಸಾಮತಿಯ ಉತ್ತರ ಸರಳವಾದರೂ ಕಠಿಣ. ಬಿಟ್ಟ ಸಾಲ ಮಾಯವಾಗುವುದಿಲ್ಲ. ಆ ನಷ್ಟವನ್ನು ಅರಸನೇ ಭರಿಸುತ್ತಾನೆ. ಶಿಲುಬೆಯಲ್ಲಿ ಕ್ರೈಸ್ತರು ಕಾಣುವುದು ಈ ಭರಿಸುವಿಕೆಯನ್ನೇ. ಹೀಗಾಗಿ ಕ್ಷಮೆ ಪಾಪವನ್ನು ಹಗುರವಾಗಿ ಕಾಣುವುದಲ್ಲ, ಅದರ ಬೆಲೆಯನ್ನು ಒಪ್ಪಿಕೊಳ್ಳುವುದು. ಸೇವಕನ ಪತನಕ್ಕೆ ಕಾರಣ ಅವನ ಹಳೆಯ ಸಾಲವಲ್ಲ. ಪಡೆದ ಕ್ಷಮೆ ತನ್ನಲ್ಲೇ ನಿಂತುಹೋದದ್ದು.

ಕನ್ನಡದ ಆಡುಮಾತಿನಲ್ಲಿ 'ಪಾಪ' ಎಂಬುದು ದೋಷವಾಚಕವೂ ಹೌದು, 'ಅಯ್ಯೋ ಪಾಪ' ಎಂಬಲ್ಲಿ ಕನಿಕರದ ಉದ್ಗಾರವೂ ಹೌದು. ಜೊತೆಯಾಳನ್ನು ಕಂಡಾಗ ಆ ಸೇವಕನ ಬಾಯಲ್ಲಿ ಬರಬೇಕಾಗಿದ್ದುದು ಈ ಎರಡನೆಯ 'ಪಾಪ'ವೇ.