ಬ್ಯಾಟನ್ ಹಿಡಿಯುವ ಮುನ್ನ

ಆರ್ಕೆಸ್ಟ್ರಾ ನಡೆಸುವುದನ್ನು ಕಲಿಯಬೇಕೆಂದು ಬೆಂಗಳೂರು, ಮೈಸೂರುಗಳಿಂದ ನನಗೆ ಬರೆಯುವ ಹುಡುಗ ಹುಡುಗಿಯರು ಮೊದಲು ಕೇಳುವುದು ಕೈಯ ವಿಚಾರ. ಯಾವ ಬ್ಯಾಟನ್ ಕೊಳ್ಳಲಿ, ಎಡಗೈಯನ್ನು ಏನು ಮಾಡಲಿ? ಮೂರೆಣಿಕೆಗೆ, ನಾಲ್ಕೆಣಿಕೆಗೆ ಕೈ ಹೇಗೆ ಹೋಗಬೇಕೆಂದು ಒಂದು ಸಂಜೆಯಲ್ಲಿ ಹೇಳಿಕೊಡಬಹುದು. ಜರ್ಮನಿಯ ಸಣ್ಣ ಊರುಗಳ ಒಪೆರಾ ಮಂದಿರಗಳಲ್ಲಿ ದುಡಿದು ನಾನು ಕಂಡುಕೊಂಡದ್ದೇ ಬೇರೆ. ಕಂಡಕ್ಟರ್ ತಯಾರಾಗುವುದು ಗಾಯಕರು ಅಭ್ಯಾಸ ಮಾಡುವ ಕಿರಿದಾದ ಕೋಣೆಯಲ್ಲಿ, ಪಿಯಾನೋ ಮುಂದೆ.

ಅಲ್ಲಿನ ಪದ್ಧತಿ ಹಳೆಯದು. ಸಂಗೀತ ವಿದ್ಯಾಲಯ ಮುಗಿಸಿದವರನ್ನು ಒಪೆರಾ ಮಂದಿರ ಸಾಮಾನ್ಯವಾಗಿ ಮೊದಲು ಕೊರೆಪೆಟಿಟರ್ ಆಗಿ ಸೇರಿಸಿಕೊಳ್ಳುತ್ತದೆ. ಇಡೀ ಆರ್ಕೆಸ್ಟ್ರಾದ ಪಾಲನ್ನು ಎರಡು ಕೈಯಲ್ಲಿ ನುಡಿಸಬೇಕು, ಆ ಹೊತ್ತಿಗೆ ಬಾರದ ಪಾತ್ರಗಳ ಸಾಲುಗಳನ್ನು ತಾನೇ ಹಾಡಬೇಕು, ಗಾಯಕಿಯ ಇಟಾಲಿಯನ್ ಉಚ್ಚಾರ ಜಾರಿದರೆ ತಿದ್ದಬೇಕು. ನನ್ನ ಕಂಠ ಯಾರೂ ಇಷ್ಟಪಟ್ಟು ಕೇಳುವಂಥದ್ದಲ್ಲ. ಆದರೂ ಪುಚ್ಚೀನಿಯ 'ಟೋಸ್ಕಾ'ದ ಎಲ್ಲ ಪಾತ್ರಗಳನ್ನೂ ಆ ಕೋಣೆಯಲ್ಲಿ ಹಾಡಿದ್ದೇನೆ. ಯಾವ ಪದದ ಮುಂದೆ ಗಾಯಕ ಉಸಿರೆಳೆದುಕೊಳ್ಳುತ್ತಾನೆ, ಎತ್ತರದ ಸ್ವರಕ್ಕೆ ಏರುವ ಮುನ್ನ ಅವನಿಗೆ ಎಷ್ಟು ಬಿಡುವು ಬೇಕು ಎಂಬುದು ಹೀಗೆ ದಿನವೂ ಕೂತು ಕೂತು ಮೈಗೂಡುತ್ತದೆ. ದೊಡ್ಡ ಕಂಡಕ್ಟರುಗಳೂ ಈ ದಾರಿಯಲ್ಲೇ ನಡೆದವರು. ಜಾರ್ಜ್ ಶೋಲ್ಟಿ ಬುಡಾಪೆಸ್ಟ್ ಒಪೆರಾದಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದರು. 1938ರ ಮಾರ್ಚ್‌ನಲ್ಲಿ ಮೊತ್ಸಾರ್ಟ್‌ನ 'ಫಿಗರೋನ ಮದುವೆ' ನಡೆಸುವ ಅವಕಾಶ ಸಿಕ್ಕಿತು. ಅದೇ ಹೊತ್ತಿಗೆ ಹಿಟ್ಲರನ ಸೇನೆ ಪಕ್ಕದ ಆಸ್ಟ್ರಿಯಾವನ್ನು ಹೊಕ್ಕಿತು. ಯಹೂದಿಯಾದ ಶೋಲ್ಟಿ ಮರುವರ್ಷ ಸ್ವಿಟ್ಜರ್ಲೆಂಡ್ ಸೇರಿ, ಯುದ್ಧ ಮುಗಿಯುವವರೆಗೂ ಅಲ್ಲೇ ಉಳಿಯಬೇಕಾಯಿತು.

ಜುಬಿನ್ ಮೆಹ್ತಾ ಒಪೆರಾ ಮಂದಿರದ ಮೆಟ್ಟಿಲು ಹತ್ತಿ ಬಂದವರಲ್ಲವಲ್ಲ ಎಂದು ಯಾರಾದರೂ ವಾದಿಸುತ್ತಾರೆ. ನಿಜ. ಆದರೆ 1954ರಲ್ಲಿ ಹದಿನೆಂಟರ ವಯಸ್ಸಿಗೆ ಮುಂಬೈಯಿಂದ ವಿಯೆನ್ನಾಕ್ಕೆ ಹೋದ ಆ ಹುಡುಗ ಮಾಡಿದ್ದೇನು? ಡಬಲ್ ಬೇಸ್ ನುಡಿಸಲು ಕಲಿತು ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ನಿಂತ. ಹೊರಗಿನವರನ್ನು ರಿಹರ್ಸಲ್‌ಗೆ ಬಿಡದಿದ್ದಾಗ, ಸಹಪಾಠಿ ಕ್ಲಾಡಿಯೋ ಅಬ್ಬಾಡೋ ಜೊತೆ ಕೋರಸ್‌ಗೆ ಸೇರಿ, ಹಾಡುತ್ತಲೇ ಎದುರು ನಿಂತ ಮಹಾಶಯರ ಕೈ ನೋಡಿದ. ಇಬ್ಬರ ಗುರು ಹಾನ್ಸ್ ಸ್ವರೋವ್ಸ್ಕಿ ಕುಣಿದಾಡುವ ಕೈಗಳನ್ನು ಸಹಿಸುತ್ತಿರಲಿಲ್ಲ. ಕೃತಿಯ ಕಟ್ಟಡ ಹೇಗಿದೆಯೆಂದು ಬಿಡಿಸಿ ನೋಡಿಸುವುದೇ ಅವರ ಪಾಠ. ಮೆಹ್ತಾ 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದದ್ದು ಇದೆಲ್ಲ ಆದ ಮೇಲೆ.

ನನ್ನ ವಿದ್ಯೆಯ ಬಹುಪಾಲು ತೆರೆಯ ಹಿಂದೆ ದಕ್ಕಿತು. 'ಟೋಸ್ಕಾ'ದ ಎರಡನೆಯ ಅಂಕದಲ್ಲಿ ರಂಗದ ಮೇಲೆ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಕೈದಿಯನ್ನು ವಿಚಾರಿಸುತ್ತಿರುವಾಗ, ಕಿಟಕಿಯಾಚೆಯಿಂದ ನಾಯಕಿ ಟೋಸ್ಕಾ ಮತ್ತು ಕೋರಸ್ ಹಾಡುವುದು ಕೇಳಬೇಕು. ಸಿಟ್ಟಿಗೆದ್ದ ಸ್ಕಾರ್ಪಿಯಾ ಕಿಟಕಿ ಮುಚ್ಚಿದೊಡನೆ ಹಾಡು ನಿಲ್ಲಬೇಕು. ಆ ಕೋರಸ್ ನಡೆಸುವುದು ನಮ್ಮಂಥ ಸಹಾಯಕರ ಪಾಲು. ಮುಖ್ಯ ಕಂಡಕ್ಟರ್‌ನ ಕೈ ಪಕ್ಕದ ಪರದೆಯಲ್ಲಿ ಕಾಣುತ್ತದೆ. ಅದರ ಜೊತೆಗೇ ಹಾಡಿಸಿದರೆ ಕೆಟ್ಟಿತು! ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ; ಮೂವತ್ತು ಮೀಟರ್ ಹಿಂದಿನಿಂದ ಹಾಡಿದವರು ಸಭಿಕರ ಕಿವಿಗೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಹಿಂದೆ ಬೀಳುತ್ತಾರೆ. ಆದ್ದರಿಂದ ಕಣ್ಣಿಗೆ ಕಾಣುವುದಕ್ಕಿಂತ ಚೂರು ಮುಂಚೆ ಹಾಡಿಸಬೇಕು. ನಮಗೆ ತಪ್ಪಾಗಿ ಕೇಳಿದರೇ ಹೊರಗೆ ಸರಿ. ಸ್ವಂತ ಕಿವಿಯನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದು ನನಗೆ ಅರ್ಥವಾದದ್ದು ಅಲ್ಲಿ.

ಆರ್ಕೆಸ್ಟ್ರಾದ ಎದುರು ನಿಂತಾಗಲೂ ಇದೇ ಕಷ್ಟ. ಅನುಭವಸ್ಥ ಜರ್ಮನ್ ವಾದಕರು ಕೈ ಇಳಿದ ಕ್ಷಣವೇ ನುಡಿಸುವುದಿಲ್ಲ, ನಾದ ಸ್ವಲ್ಪ ತಡೆದು ಬರುತ್ತದೆ. ಹೊಸಬ ಆ ನಾದಕ್ಕೆ ಕಾಯುತ್ತಾನೆ. ಅವನು ಕಾದಷ್ಟೂ ಅವರು ಹಿಂಜಗ್ಗುತ್ತಾರೆ, ಕೃತಿ ಕೆಸರಿನಲ್ಲಿ ಸಿಕ್ಕ ಗಾಡಿಯಾಗುತ್ತದೆ. ನಮ್ಮ ಕರ್ನಾಟಕ ಸಂಗೀತ ಕಚೇರಿಯಲ್ಲಿ ಗಾಯಕರು ಹಾಕುವ ತಾಳ ಆಗಿನ ಎಣಿಕೆಯದು. ಕಂಡಕ್ಟರ್‌ನ ಕೈ ಮುಂದೆ ಬರಬೇಕಾದ್ದನ್ನು ಈಗಲೇ ಹೇಳಬೇಕು. ತೊಡೆಯ ಮೇಲೆ ತಾಳ ಹಾಕಿ ಬೆಳೆದ ನನಗೆ ಈ ವ್ಯತ್ಯಾಸ ಒಗ್ಗಲು ಬಹಳ ಕಾಲ ಹಿಡಿಯಿತು. ಒಂದು ಕಡೆ ಮಾತ್ರ ನಮ್ಮ ಸಂಗೀತ ಕೈಹಿಡಿಯಿತು. ಬೀಥೋವನ್‌ನ ಐದನೆಯ ಸಿಂಫನಿ ಮೌನದಿಂದ ಶುರುವಾಗುತ್ತದೆ. ಮೊದಲು ಅರ್ಧ ಎಣಿಕೆಯ ವಿರಾಮ, ಆಮೇಲೆ ಆ ಪ್ರಸಿದ್ಧ ಸ್ವರಗಳು. ಎಷ್ಟೋ ವಿದ್ಯಾರ್ಥಿಗಳು ಎಡವುವ ಜಾಗವದು. ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪಿನ ಕೃತಿಗಳನ್ನು ಹಾಡಿ ಗೊತ್ತಿದ್ದವನಿಗೆ ಅದು ಹೆದರಿಕೆ ಹುಟ್ಟಿಸಲಿಲ್ಲ.

ರಿಹರ್ಸಲ್‌ನಲ್ಲಿ ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಬೆಳದಿಂಗಳು, ವಿರಹ ಎಂದೆಲ್ಲ ವರ್ಣಿಸಿದರೆ ವಾದಕರು ಗಡಿಯಾರ ನೋಡುತ್ತಾರೆ. ಅವರಿಗೆ ಬೇಕಾದದ್ದು ಜೋರೋ ಮೆಲ್ಲಗೋ, ಉದ್ದವೋ ಗಿಡ್ಡವೋ ಎಂಬಷ್ಟೇ.

ಸಂಪಾದನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಸರ್ಕಾರದ ಹಣದಿಂದ ನಡೆಯುವ ವೃತ್ತಿಪರ ಆರ್ಕೆಸ್ಟ್ರಾಗಳು ಸುಮಾರು 130 ಇವೆ. ಜಗತ್ತಿನ ಬೇರೆಲ್ಲೂ ಇಷ್ಟು ದಟ್ಟವಾಗಿಲ್ಲ. ಪರೀಕ್ಷಾ ಅವಧಿ ಮುಗಿಸಿದ ವಾದಕರ ಕೆಲಸ ಕಾಯಂ. ಕೊರೆಪೆಟಿಟರನದು, ಸಹಾಯಕ ಕಂಡಕ್ಟರನದು ಅವಧಿ ಕರಾರು. ಹೊಸ ನಿರ್ದೇಶಕರು ಬಂದರೆ ತಮ್ಮವರನ್ನು ಕರೆತರುತ್ತಾರೆ. ನನ್ನ ಕರಾರೂ ಒಮ್ಮೆ ಹಾಗೆಯೇ ನಿಂತುಹೋಯಿತು, ಕಾರಣ ಕೊಡಲಿಲ್ಲ. ಮನೆಯ ಸಾಲದ ಹೊರೆ ಹೊತ್ತು ಈ ಕೆಲಸಕ್ಕೆ ಇಳಿಯುವುದು ಜಾಣತನವಲ್ಲ.

ಹೋಗಲೇಬೇಕು ಎನ್ನುವವರು ಪಿಯಾನೋ ಬಿಡಬೇಡಿ. ಪ್ರವೇಶ ಪರೀಕ್ಷೆಯಲ್ಲಿ ಇಡೀ ಸ್ಕೋರನ್ನು ಪಿಯಾನೋದಲ್ಲಿ ನುಡಿಸಿ ತೋರಿಸಲು ಹೇಳುತ್ತಾರೆ. ಬರೆದದ್ದಕ್ಕಿಂತ ಬೇರೆ ಶ್ರುತಿಯಲ್ಲಿ ಕೇಳುವ ಕ್ಲಾರಿನೆಟ್, ಹಾರ್ನ್‌ಗಳ ಸಾಲುಗಳನ್ನು ಕಣ್ಣಲ್ಲೇ ಬದಲಿಸಿಕೊಳ್ಳಬೇಕು. ಊರಿನ ಚರ್ಚ್ ಕಾಯಿರ್ ಆದರೂ ಸರಿ, ಯಾವುದಾದರೂ ಕೋರಸ್‌ನಲ್ಲಿ ಹಾಡಿ. ಜರ್ಮನ್ ಭಾಷೆಯನ್ನು ಇಲ್ಲಿಂದಲೇ ಕಲಿತು ಹೋಗಿ. ಅಲ್ಲಿನ ಸರ್ಕಾರಿ ವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಕೇಳುವುದಿಲ್ಲ. ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೋ ವಿಧಿಸಿದೆ. ಅರ್ಜಿ ಹಾಕುವ ಮುನ್ನ ಆಯಾ ವಿದ್ಯಾಲಯದ ನಿಯಮ ಓದಿಕೊಳ್ಳಿ. ಬ್ಯಾಟನ್ ಆಮೇಲೆ ಕೊಂಡರಾಯಿತು, ಅದಕ್ಕೆ ಹೆಚ್ಚು ಬೆಲೆಯೇನಿಲ್ಲ.