ಉಪಾಹಾರಗೃಹವೋ, ಮಾರಾಟ ಮಳಿಗೆಯೋ?

ಬಿಡದಿಯಲ್ಲಿ 2005ರಿಂದ ನಡೆಯುತ್ತಿರುವ ವಂಡರ್‌ಲಾದಂಥ ಮನರಂಜನಾ ಉದ್ಯಾನದಲ್ಲಿ ಉಪಾಹಾರಗೃಹದ ಕೆಲಸ ಹಿಡಿಯಬೇಕೋ, ಮಾರಾಟ ಮಳಿಗೆಯದೋ ಎಂದು ಕೇಳಿರುವ ರಾಮದುರ್ಗದ ಯುವತಿ ಮೊದಲು ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಗಮನಿಸುವುದು ಒಳ್ಳೆಯದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಬಹಳಷ್ಟು ಭಕ್ತರು ಅಲ್ಲಿಯೇ ಒಲೆ ಹೂಡಿ ಹೋಳಿಗೆ, ಕಡಬು ಮಾಡಿಕೊಳ್ಳುತ್ತಾರಾದರೂ, ಖಾನಾವಳಿಯವರಿಗೆ ಊಟದ ಹೊತ್ತಿನಲ್ಲಿ ಕ್ಷಣದ ಬಿಡುವೂ ಇರುವುದಿಲ್ಲ. ಪಂಕ್ತಿ ಎದ್ದ ಮೇಲಷ್ಟೇ ತುಸು ವಿರಾಮ. ಭಂಡಾರ, ಕುಂಕುಮ, ಬಳೆ ಮಾರುವವರ ದಣಿವು ಬೇರೆ ಬಗೆಯದು: ಒಂದು ಕೈ ತೂಗುತ್ತಿರುವಾಗಲೇ ಇನ್ನೊಂದು ಕೈ ಚಿಲ್ಲರೆ ಎಣಿಸಬೇಕು, ಕಣ್ಣು ಸರಕಿನ ಮೇಲಿರಬೇಕು, ಸಂಜೆ ದಾಸ್ತಾನು, ಅಂದರೆ ಮಾರದೆ ಉಳಿದ ಸರಕಿನ ಲೆಕ್ಕ, ನಗದಿನೊಂದಿಗೆ ತಾಳೆಯಾಗಬೇಕು. ಮುಂದೆ ಬೈಲಹೊಂಗಲದಲ್ಲೋ ಕಿತ್ತೂರಿನಲ್ಲೋ ಸ್ವಂತ ಖಾನಾವಳಿ ತೆರೆಯುವ ಆಸೆಯಿದ್ದರೆ ಉಪಾಹಾರಗೃಹವೇ ನಿಸ್ಸಂದೇಹವಾಗಿ ಮೇಲು, ಏಕೆಂದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಯಸುವ ಶುಚಿತ್ವದ ಕ್ರಮಗಳು, ಉದಾಹರಣೆಗೆ ಹಸಿ ಪದಾರ್ಥವನ್ನು ಬೆಂದುದರಿಂದ ದೂರವಿಡುವುದು, ಓದಿನಿಂದಲ್ಲ, ದಿನನಿತ್ಯದ ಕೆಲಸದಿಂದ ಕರಗತವಾಗುತ್ತವೆ. ಲೆಕ್ಕದಲ್ಲಿ ಚುರುಕಾಗಿದ್ದು ಬೆಂಕಿಯ ಬಿಸಿ ಒಗ್ಗದಿದ್ದರೆ ಮಳಿಗೆಯೇ ಸರಿ. ಯಾವುದನ್ನೇ ಒಪ್ಪಿದರೂ ವಸತಿಯ ಖರ್ಚು, ವಾರದ ರಜೆ, ಹೆಚ್ಚುವರಿ ದುಡಿಮೆಯ ಕೂಲಿ ಹಾಗೂ ನಗದು ಕಡಿಮೆ ಬಿದ್ದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಯೇ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆದಿರಬೇಕು.